ಹಳೆ ಬಿಬಿಸಿ ಮೈಕ್ರೋ ಮತ್ತೆ ಚಾಲೂ ಮಾಡುವುದು ಹೇಗೆ: ಪ್ಲಗ್ ಹಾಕುವ ಮೊದಲಿನಿಂದ, ಹಂತ ಹಂತವಾಗಿ

ಶಾಲೆಯ ಸ್ಟೋರ್ ರೂಮಿನಿಂದಲೋ ಗುಜರಿ ಅಂಗಡಿಯಿಂದಲೋ ಬಿಬಿಸಿ ಮೈಕ್ರೋ ಮಾಡೆಲ್ ಬಿ ಅನ್ನುವ ಒಂದು ಹಳೆ ಕಂಪ್ಯೂಟರ್ ಸಿಗುತ್ತದೆ. ಮನೆಗೆ ತಂದವರು ಮೊದಲು ಮಾಡುವ ಕೆಲಸ ಒಂದೇ. ಪ್ಲಗ್ ಹಾಕಿ ಸ್ವಿಚ್ ಒತ್ತುತ್ತಾರೆ. ಯಂತ್ರ ಪೀಪ್ ಅನ್ನುತ್ತದೆ, ಖುಷಿಯಾಗುತ್ತದೆ. ಹತ್ತು ನಿಮಿಷಕ್ಕೆ ಪಟ್ ಅಂತ ಸದ್ದು, ಬಿಳಿ ಹೊಗೆ, ಮನೆ ತುಂಬಾ ಎರಡು ದಿನ ಹೋಗದ ವಾಸನೆ. ಆಮೇಲೆ "ಸತ್ತೇ ಹೋಯ್ತು" ಅಂತ ಮೂಲೆಗಿಡುತ್ತಾರೆ.

ನನ್ನ ಮೊದಲ ಯಂತ್ರಕ್ಕೂ ಇದೇ ಆಗಿತ್ತು. ಅದು ಸತ್ತಿರಲಿಲ್ಲ. ಹೊಗೆ ಬಂದದ್ದು ಬೆರಳುಗುರಿನಷ್ಟು ದೊಡ್ಡ ಒಂದು ಕೆಪಾಸಿಟರಿನಿಂದ, ಅಂದರೆ ಕರೆಂಟ್ ಹಿಡಿದಿಡುವ ಒಂದು ಬಿಡಿಭಾಗದಿಂದ. ನಾನು ಕೆಲಸದ ಕ್ರಮ ತಪ್ಪಿದ್ದೆ, ಅಷ್ಟೆ.

ಈ ಬರಹ ಆ ಕ್ರಮದ ಬಗ್ಗೆ. ಮೊದಲು ಪವರ್ ಸಪ್ಲೈ, ಆಮೇಲೆ ಬೋರ್ಡ್, ಆಮೇಲೆ ಕೀಬೋರ್ಡ್, ಕೊನೆಗೆ ಚಿತ್ರ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಕೊನೆಗೆ ತಂದ ಈ ಯಂತ್ರ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984-85ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ. ಹಾಗಾಗಿ ಇಲ್ಲಿ ಸಿಗುವ ಹೆಚ್ಚಿನವಕ್ಕೆ ಹತ್ತಿರ ಹತ್ತಿರ ನಲವತ್ತು ವರ್ಷ. ನಲವತ್ತು ಮಳೆಗಾಲದ ತೇವ ಕುಡಿದ ಯಂತ್ರ ಅನ್ನುವುದನ್ನು ಮರೆಯಬೇಡಿ.

## ಬೇಕಾಗುವ ಸಾಮಾನು

ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಸೋಲ್ಡರಿಂಗ್ ಐರನ್, ಡಿಸೋಲ್ಡರ್ ಪಂಪ್, ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬ್ರಶ್. ಈ ಆಲ್ಕೋಹಾಲನ್ನು ಮೊಬೈಲ್ ರಿಪೇರಿಯವರು ಐಪಿಎ ಅಂತಾರೆ, ಅವರ ಹತ್ತಿರವೇ ಸಿಗುತ್ತದೆ.

ಬದಲಿಸಲು ಮೂರು ಕೆಪಾಸಿಟರ್ ಬೇಕು:

- 0.1 ಮೈಕ್ರೋಫ್ಯಾರಡ್, ಎಕ್ಸ್2 ದರ್ಜೆ, 275 ವೋಲ್ಟ್ ಎಸಿ: ಒಂದು
- 0.01 ಮೈಕ್ರೋಫ್ಯಾರಡ್, ಅದೇ ದರ್ಜೆ: ಒಂದು
- 220 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್, 16 ಅಥವಾ 25 ವೋಲ್ಟ್, 105 ಡಿಗ್ರಿಯದು: ಒಂದು

ಇದರ ಜೊತೆ 4.7 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದಿರಲಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತವೆ. ಅಂಗಡಿಯವರು "ಎಕ್ಸ್2 ಯಾಕೆ ಸಾರ್, ಇದೇ ಬೆಲೆಗೆ 400 ವೋಲ್ಟಿನ ಮಾಮೂಲಿ ಕೆಪಾಸಿಟರ್ ಇದೆ" ಅಂದರೆ ಒಪ್ಪಬೇಡಿ. ಇದು ನೇರ ಮೇನ್ಸ್ ಕರೆಂಟಿಗೆ ಅಡ್ಡಲಾಗಿ ಕೂರುವ ಭಾಗ. ಕೆಟ್ಟರೂ ಬೆಂಕಿ ಹತ್ತದಂತೆ ಮಾಡಿರುವುದೇ ಎಕ್ಸ್2. ಇಲ್ಲಿ ಎರಡನೇ ಮಾತೇ ಇಲ್ಲ.

ಇನ್ನೊಂದು ಸೀರೀಸ್ ಬೋರ್ಡ್. ಎಲೆಕ್ಟ್ರಿಷಿಯನ್ನರ ಬಳಿ ಇರುತ್ತದಲ್ವಾ, ಒಂದು ಹೋಲ್ಡರು, ಅದರಲ್ಲಿ 100 ವ್ಯಾಟಿನ ಹಳೆ ತಂತಿ ಬಲ್ಬು, ಪಕ್ಕದಲ್ಲಿ ಒಂದು ಸಾಕೆಟ್ಟು, ಅದೇ. ಸಾಕೆಟ್ಟಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾದು ಹೋಗುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗುವುದಿಲ್ಲ.

## ಹಂತ 1: ಮುಚ್ಚಳ ತೆಗೆಯಿರಿ, ಫೋಟೋ ತೆಗೆಯಿರಿ

ಪ್ಲಗ್ ಗೋಡೆಯಿಂದ ಹೊರಗಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಎರಡು ಹಿಂದೆ, ಎರಡು ಅಡಿಯಲ್ಲಿ ಮುಂಭಾಗಕ್ಕೆ. ಪಕ್ಕದಲ್ಲೇ "ಫಿಕ್ಸ್" ಅಂತ ಬರೆದಿರುತ್ತದೆ. ಬೇರೆ ಸ್ಕ್ರೂ ಮುಟ್ಟಬೇಡಿ. ಯಂತ್ರವನ್ನು ನೇರ ನಿಲ್ಲಿಸಿ ಮುಚ್ಚಳವನ್ನು ಮೇಲಕ್ಕೆತ್ತಿ. ಎಡಗಡೆ ಕಾಣುವ ಲೋಹದ ಪೆಟ್ಟಿಗೆಯೇ ಪವರ್ ಸಪ್ಲೈ.

ಅದರಿಂದ ಬೋರ್ಡಿಗೆ ಏಳು ತಂತಿ ಹೋಗುತ್ತವೆ: ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ನೇರಳೆ ಮೈನಸ್ 5 ವೋಲ್ಟ್. ಎಲ್ಲವೂ ಬಿಡಿ ಬಿಡಿ ಚಪ್ಪಟೆ ಕ್ಲಿಪ್ಪುಗಳು. ಯಾವುದನ್ನು ಎಲ್ಲಿಗೆ ಬೇಕಾದರೂ ಚುಚ್ಚಬಹುದು, ತಡೆಯುವವರಿಲ್ಲ. ಕೆಂಪು-ಕಪ್ಪು ಅದಲುಬದಲಾದರೆ ಒಂದೇ ಕ್ಷಣದಲ್ಲಿ ಚಿಪ್ಪುಗಳು ಹೋಗುತ್ತವೆ, ಮತ್ತೆ ಅವನ್ನು ತರಲಾಗುವುದಿಲ್ಲ. ಕ್ಲಿಪ್ ಕೀಳುವ ಮೊದಲು ಮೂರು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಬೋರ್ಡಿನ ಮೇಲೂ ಗುರುತು ಅಚ್ಚಾಗಿದೆ, ಆದರೂ ಫೋಟೋ ಬೇಕು.

ಎಚ್ಚರಿಕೆಯ ಗುರುತು: ಕೆಂಪು ಕ್ಲಿಪ್ಪಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯಾಗಿದೆ ಅಂತ ಅರ್ಥ. ಮೂರನೇ ಹಂತದಲ್ಲಿ ಇದಕ್ಕೆ ಕೆಲಸ ಇದೆ.

## ಹಂತ 2: ಪವರ್ ಸಪ್ಲೈ

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ಮೇನ್ಸ್ ಕರೆಂಟಿನ ಜೊತೆ ಕೆಲಸ ಮಾಡಿ ಅಭ್ಯಾಸ ಇಲ್ಲದಿದ್ದರೆ ಈ ಹಂತವನ್ನು ಟಿವಿ ರಿಪೇರಿ ಮಾಡುವವರ ಕೈಗೆ ಕೊಡಿ. ಅವರಿಗೆ ಇದು ಅರ್ಧ ಗಂಟೆಯ ಕೆಲಸ.

ಬಿಚ್ಚುವುದು. ಪೆಟ್ಟಿಗೆಯನ್ನು ಹಿಡಿದಿರುವ ಮೂರು ಸ್ಕ್ರೂ ಯಂತ್ರದ ಅಡಿಯಲ್ಲಿವೆ. ಏಳು ಕ್ಲಿಪ್ ತೆಗೆದು ಪೆಟ್ಟಿಗೆ ಹೊರಗೆ ತನ್ನಿ. ಇದು ಸ್ವಿಚ್ ಮೋಡ್ ಸಪ್ಲೈ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಚಾಲೂ ಇದ್ದಾಗ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಹತ್ತು ನಿಮಿಷ ಬಿಟ್ಟು ತಗಡಿನ ಮುಚ್ಚಳ ತೆಗೆಯಿರಿ. ಮಲ್ಟಿಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ಆ ದೊಡ್ಡ ಕೆಪಾಸಿಟರಿನ ಎರಡು ಕಾಲಿನ ನಡುವೆ ಅಳೆಯಿರಿ. ಐದು ವೋಲ್ಟಿಗಿಂತ ಕೆಳಗೆ ಬಂದ ಮೇಲೆಯೇ ಕೈ ಹಾಕಿ. "ಇಷ್ಟು ವರ್ಷ ಕರೆಂಟೇ ಕೊಟ್ಟಿಲ್ಲ, ಏನಿರುತ್ತೆ" ಅನ್ನಿಸಬಹುದು. ಮೊದಲ ಸಲ ನಿಜ. ಆದರೆ ಪರೀಕ್ಷೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಹಾಕುವಾಗ ಅದೇ ಧೈರ್ಯದಲ್ಲಿ ಕೈ ಹೋಗುತ್ತದೆ. ಪ್ರತಿ ಸಲವೂ ಅಳೆಯುವುದು ಅಭ್ಯಾಸವಾಗಲಿ.

ಕಳ್ಳನನ್ನು ಗುರುತಿಸುವುದು. ಮೇನ್ಸ್ ತಂತಿ ಒಳಗೆ ಬರುವ ಜಾಗದ ಹತ್ತಿರ ಚೌಕಾಕಾರದ, ಹಳದಿ ಮಿಶ್ರಿತ ಪಾರದರ್ಶಕ ಕವಚದ ಎರಡು ಕೆಪಾಸಿಟರ್ ಕಾಣುತ್ತವೆ. ಬೋರ್ಡಿನಲ್ಲಿ ಅವಕ್ಕೆ ಸಿ1, ಸಿ2 ಅಂತ ಹೆಸರು. ಟಾರ್ಚ್ ಹಿಡಿದು ನೋಡಿ. ಕವಚದ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಜೇಡರ ಬಲೆಯ ಹಾಗೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ಬಿರುಕಿನಿಂದ ತೇವ ಒಳಗೆ ಹೋಗಿ ಕಾಗದ ಉಬ್ಬುತ್ತದೆ. ಕರೆಂಟ್ ಕೊಟ್ಟಾಗ ಬಿಸಿಯಾಗಿ, ಸಿಡಿದು, ಹೊಗೆ ಬಿಡುತ್ತದೆ. ಕಣ್ಣಿಗೆ ಬಿರುಕು ಕಾಣದಿದ್ದರೂ ಬದಲಿಸಿ. ಈ ವಯಸ್ಸಿನಲ್ಲಿ ಅವನ್ನು ನಂಬುವ ಹಾಗಿಲ್ಲ.

ಇವುಗಳ ಕೆಲಸ ಕರೆಂಟಿನ ಗದ್ದಲ ಸೋಸುವುದು ಮಾತ್ರ. ಅದಕ್ಕೇ ಸಿಡಿದ ಮೇಲೂ ಎಷ್ಟೋ ಯಂತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಹಾಗಂತ ಕಿತ್ತುಹಾಕಿ ಸುಮ್ನೆ ಬಿಡಬೇಡಿ, ಹೊಸದನ್ನು ಹಾಕಿ.

ಬದಲಿಸುವುದು. ದೊಡ್ಡದು, ಅಂದರೆ ಸಿ1, 0.1 ಮೈಕ್ರೋಫ್ಯಾರಡ್. ಚಿಕ್ಕದು ಸಿ2, 0.01. ಅಂಗಡಿಗೆ ಹೋಗುವ ಮೊದಲೇ ಕಾಲುಗಳ ನಡುವಿನ ಅಂತರ ಸ್ಕೇಲಿನಲ್ಲಿ ಅಳೆದುಕೊಳ್ಳಿ. ಇಲ್ಲದಿದ್ದರೆ ಹೊಸದರ ಕಾಲು ಬಗ್ಗಿಸಿ ಎಳೆದು ಕೂರಿಸಬೇಕಾಗುತ್ತದೆ. ಈ ಎರಡಕ್ಕೂ ಪ್ಲಸ್-ಮೈನಸ್ ಇಲ್ಲ.

ಮೂರನೆಯದು ಸಿ9, 220 ಮೈಕ್ರೋಫ್ಯಾರಡಿನ ಸಣ್ಣ ಎಲೆಕ್ಟ್ರೊಲಿಟಿಕ್. ಇದು ಒಣಗಿದರೆ ಸಪ್ಲೈ ಏಳುವುದೇ ಇಲ್ಲ. ಇದಕ್ಕೆ ದಿಕ್ಕಿದೆ. ಮೈನಸ್ ಪಟ್ಟಿ ಹಳೆಯದು ಯಾವ ಕಡೆ ಇತ್ತೋ ಅದೇ ಕಡೆ ಬರಬೇಕು. ಈಗ ಇದು ಚೆನ್ನಾಗಿದ್ದರೂ, ಪೆಟ್ಟಿಗೆ ಬಿಚ್ಚಿದ್ದಾಗಲೇ ಬದಲಿಸಿಬಿಡುವುದು ಒಳ್ಳೆಯದು.

ಹಳೆ ಬೆಸುಗೆ ಬೇಗ ಕರಗುವುದಿಲ್ಲ. ಐರನ್ನನ್ನು ಒತ್ತಿ ಹಿಡಿದು ಎಳೆಯಬೇಡಿ, ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಮೇಲೊಂದಿಷ್ಟು ಹೊಸ ಸೀಸ ಕರಗಿಸಿ ಹಾಕಿ, ಆಮೇಲೆ ಪಂಪಿನಲ್ಲಿ ಎಳೆದರೆ ಸಲೀಸಾಗಿ ಬರುತ್ತದೆ.

ಅರ್ತ್ ನೋಡುವುದು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ತುದಿ ಪ್ಲಗ್ಗಿನ ಅರ್ತ್ ಪಿನ್ನಿಗೆ, ಇನ್ನೊಂದು ಲೋಹದ ಪೆಟ್ಟಿಗೆಗೆ. ಬೀಪ್ ಬರಲೇಬೇಕು. ಎಷ್ಟೋ ಯಂತ್ರಗಳ ಮೂಲ ಪ್ಲಗ್ ತುಂಡರಿಸಿ ಎರಡು ಪಿನ್ನಿನದು ಹಾಕಿರುತ್ತಾರೆ. ಅದನ್ನು ತೆಗೆದು ಮೂರು ಪಿನ್ನಿನದು ಹಾಕಿ: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ನಿಮ್ಮಲ್ಲಿನ ಪ್ಲಗ್ಗಿನ ಒಳಗೆ 13 ಆಂಪಿಯರ್ ಫ್ಯೂಸ್ ಇದ್ದರೆ 3 ಆಂಪಿಯರಿನದು ಹಾಕಿ.

ಪರೀಕ್ಷೆ. ಬರೀ ಸಪ್ಲೈಗೆ ಕರೆಂಟ್ ಕೊಡಬೇಡಿ. ಲೋಡ್ ಇಲ್ಲದಿದ್ದರೆ ಅಳತೆ ನಂಬಲಾಗುವುದಿಲ್ಲ. 4.7 ಓಮ್ ರೆಸಿಸ್ಟರನ್ನು ಒಂದು ಕೆಂಪು, ಒಂದು ಕಪ್ಪು ಕ್ಲಿಪ್ಪಿನ ನಡುವೆ ಕಟ್ಟಿ, ಹೆಂಚಿನ ತುಂಡಿನ ಮೇಲಿಡಿ. ಅದು ಚೆನ್ನಾಗಿ ಬಿಸಿಯಾಗುತ್ತದೆ. ಉಳಿದ ಕ್ಲಿಪ್ಪುಗಳು ಒಂದಕ್ಕೊಂದು ತಾಗದಿರಲಿ. ತಗಡಿನ ಮುಚ್ಚಳ ಹಾಕಿ, ಸೀರೀಸ್ ಬೋರ್ಡಿಗೆ ಪ್ಲಗ್ ಚುಚ್ಚಿ, ದೂರ ನಿಂತು ಸ್ವಿಚ್ ಹಾಕಿ.

ಬಲ್ಬು ಒಮ್ಮೆ ಹೊಳೆದು ಮಂಕಾಗಬೇಕು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಮಂಕಾದರೆ ಅಳೆಯಿರಿ: ಕೆಂಪಿನಲ್ಲಿ 4.9ರಿಂದ 5.1, ನೇರಳೆಯಲ್ಲಿ ಮೈನಸ್ 5ರ ಆಸುಪಾಸು. ಟಿಕ್ ಟಿಕ್ ಸದ್ದು ಬಂದು ವೋಲ್ಟೇಜ್ ಏಳದಿದ್ದರೆ ಸಿ9ರ ದಿಕ್ಕು, ಕಾಲಿನ ಬೆಸುಗೆ ಮತ್ತೊಮ್ಮೆ ನೋಡಿ. 5.3 ದಾಟಿದ್ದರೆ ಆ ಸಪ್ಲೈಯನ್ನು ಬೋರ್ಡಿಗೆ ಕೊಡಲೇಬಾರದು.

## ಹಂತ 3: ಬೋರ್ಡ್ ಮತ್ತು ಚಿಪ್ಪುಗಳು

ಕೀಬೋರ್ಡನ್ನು ಹಿಡಿದಿರುವ ಬೋಲ್ಟುಗಳು ಎರಡೂ ಬದಿಯಲ್ಲಿವೆ. ಬಿಚ್ಚಿ ಎತ್ತಿದರೆ ಅಗಲ ರಿಬ್ಬನ್ ಕೇಬಲ್, ಸ್ಪೀಕರಿನ ಎರಡು ತಂತಿಯ ಕನೆಕ್ಟರ್ ಕಾಣುತ್ತವೆ. ರಿಬ್ಬನ್ನಿನ ಕನೆಕ್ಟರನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ. ತಂತಿ ಹಿಡಿದು ಎಳೆಯಬೇಡಿ.

ಕೀಬೋರ್ಡಿನ ಅಡಿ, ಬಲಗಡೆ ಮುಂದೆ ಸಾಲಾಗಿ ಐದು ದೊಡ್ಡ ಸಾಕೆಟ್ ಇವೆ. ಎಡತುದಿಯ ಐಸಿ51ರಲ್ಲಿ (ಐಸಿ ಅಂದರೆ ಚಿಪ್, ಮುಂದಿನದು ಬೋರ್ಡಿನಲ್ಲಿ ಅದರ ಸಂಖ್ಯೆ) ಆಪರೇಟಿಂಗ್ ಸಿಸ್ಟಮ್. ಅದರ ಬಲಕ್ಕೆ ಐಸಿ52, ಐಸಿ88, ಐಸಿ100, ಐಸಿ101. ಬೇಸಿಕ್ ಭಾಷೆಯ ರಾಮ್ (ROM, ಪ್ರೋಗ್ರಾಮ್ ಶಾಶ್ವತವಾಗಿ ಬರೆದಿಟ್ಟ ಚಿಪ್) ಸಾಮಾನ್ಯವಾಗಿ ಐಸಿ52ರಲ್ಲಿರುತ್ತದೆ. ಇಲ್ಲಿ ನೆನಪಿಡುವುದು ಒಂದೇ, ಬಲಕ್ಕೆ ಹೋದಷ್ಟೂ ಆ ಸಾಕೆಟ್ಟಿಗೆ ಅಧಿಕಾರ ಜಾಸ್ತಿ. ಒರೆಸಿ ವಾಪಸ್ ಹಾಕುವಾಗ ವರ್ಡ್ ಪ್ರೊಸೆಸರಿನ ರಾಮ್ ಬೇಸಿಕ್‌ಗಿಂತ ಬಲಕ್ಕೆ ಹೋದರೆ, ಸ್ವಿಚ್ ಹಾಕಿದಾಗ ಬೇಸಿಕ್ ಬದಲು ಅದೇ ಎದ್ದು ಕೂರುತ್ತದೆ. ಯಂತ್ರ ಕೆಟ್ಟಿತು ಅಂತ ಗಾಬರಿಯಾಗುವವರು ಬಹಳ. ಒಂದು ಸಲಕ್ಕೆ ಒಂದೇ ಚಿಪ್ ತೆಗೆದು, ಒರೆಸಿ, ಅಲ್ಲೇ ಹಾಕಿ, ಆಮೇಲೆ ಮುಂದಿನದು.

ಚಪ್ಪಟೆ ಸ್ಕ್ರೂಡ್ರೈವರನ್ನು ಚಿಪ್ಪಿಗೂ ಸಾಕೆಟ್ಟಿಗೂ ನಡುವೆ ತೂರಿಸಿ, ಈ ಕಡೆ ಒಂಚೂರು, ಆ ಕಡೆ ಒಂಚೂರು ಎತ್ತಿ. ಸಾಕೆಟ್ಟಿಗೂ ಬೋರ್ಡಿಗೂ ನಡುವೆ ತೂರಿಸಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಕಪ್ಪಾದ ಕಾಲುಗಳನ್ನು ಐಪಿಎ ಹಚ್ಚಿದ ಬ್ರಶ್ಶಿನಲ್ಲಿ ಉಜ್ಜಿ. ಮರಳು ಕಾಗದ ಬೇಡ. ವಾಪಸ್ ಒತ್ತುವಾಗ ಯಾವುದಾದರೂ ಕಾಲು ಒಳಗೆ ಮಡಚಿಕೊಂಡಿದೆಯಾ ಅಂತ ಎರಡೂ ಬದಿಯಿಂದ ನೋಡಿ. ಚಿಪ್ಪಿನ ಒಂದು ತುದಿಯ ಗೀರು ಮೊದಲಿದ್ದ ದಿಕ್ಕಿಗೇ ಇರಲಿ. ತಿರುಗಿಸಿ ಹಾಕಿದ ರಾಮ್ ಸುಟ್ಟು ಹೋಗುತ್ತದೆ.

ಸಾಕೆಟ್ಟಿನಲ್ಲಿರುವ ಬೇರೆ ದೊಡ್ಡ ಚಿಪ್ಪುಗಳಿಗೂ ಇದೇ ಉಪಚಾರ: 6502 ಪ್ರೊಸೆಸರ್, ಚಿತ್ರ ಮೂಡಿಸುವ ವಿಡಿಯೋ ಯುಎಲ್‌ಎ ಚಿಪ್, ಎರಡು 6522 ಚಿಪ್. ಬೆಸುಗೆ ಹಾಕಿ ಕೂರಿಸಿದವನ್ನು ಮುಟ್ಟಬೇಡಿ. ವಿಡಿಯೋ ಯುಎಲ್‌ಎ ಐಸಿ6. ಅದರ ಮೇಲೆ ಲೋಹದ ಹೀಟ್ ಸಿಂಕ್ ಇದ್ದರೆ ಅದನ್ನು ಕೀಳಬೇಡಿ. ಆ ಚಿಪ್ ಚಾಲೂ ಇದ್ದಾಗ ಬಿಸಿಯಾಗುವುದು ಸಹಜ.

ಈಗ ಪವರ್ ಕ್ಲಿಪ್ಪುಗಳು. ಕಂದಾದವುಗಳ ಒಳಭಾಗ ಒರೆಸಿ, ಪ್ಲೈಯರಿನಲ್ಲಿ ಸ್ವಲ್ಪ ಬಿಗಿ ಮಾಡಿ. ಫೋಟೋ ನೋಡಿಕೊಂಡು ಏಳನ್ನೂ ಹಾಕಿ. ಇನ್ನೊಮ್ಮೆ ನೋಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೂ ತೋರಿಸಿ. ನಾನು ಈಗಲೂ ಹಾಗೇ ಮಾಡುತ್ತೇನೆ.

## ಹಂತ 4: ಕೀಬೋರ್ಡ್

ಶಾಲೆಯಲ್ಲಿದ್ದ ಯಂತ್ರದ ಕೀಬೋರ್ಡ್ ಬಿಚ್ಚಿದರೆ ಅದು ಯಾವ ಕೋಣೆಯಲ್ಲಿತ್ತು ಅಂತ ಗೊತ್ತಾಗುತ್ತದೆ. ನನ್ನದರ ಸ್ಪೇಸ್ ಬಾರಿನ ಕೆಳಗೆ ಸೀಮೆಸುಣ್ಣದ ಪುಡಿ ತೇವಕ್ಕೆ ಗಟ್ಟಿಯಾಗಿ, ಹಲ್ಲಿನ ಪಾಚಿಯ ಹಾಗೆ ಅಂಟಿತ್ತು. ಪೆನ್ಸಿಲ್ ಕೆತ್ತಿದ ಸಿಪ್ಪೆ, ಮುರಿದ ನಿಬ್ಬು, ಒಂದು ಸತ್ತ ಇರುವೆ ಸಾಲು. ಮೇಲಿನ ಕೆಂಪು ಫಂಕ್ಷನ್ ಕೀಲಿಗಳು ಮಾತ್ರ ಹೊಸದರ ಹಾಗಿದ್ದವು. ಮಕ್ಕಳು ಅವನ್ನು ಮುಟ್ಟಿಯೇ ಇರಲಿಲ್ಲ ಅನ್ನಿಸುತ್ತದೆ.

ಪುಡಿಗೆ ನೀರು ಹಾಕಬೇಡಿ, ಕೆಸರಾಗಿ ಸ್ವಿಚ್ಚಿನೊಳಗೆ ಇಳಿಯುತ್ತದೆ. ಕೀಬೋರ್ಡನ್ನು ಬೋರಲು ಹಿಡಿದು ಒಣ ಬ್ರಶ್ಶಿನಲ್ಲಿ ಉದುರಿಸಿ. ಕೆಲಸ ಮಾಡದ ಕೀಲಿಯ ಟೋಪಿ ನೇರ ಮೇಲಕ್ಕೆಳೆದು, ಒಳಗೆ ಎರಡು ಹನಿ ಐಪಿಎ ಬಿಟ್ಟು, ಮೂವತ್ತು ನಲವತ್ತು ಸಲ ಒತ್ತಿ. ಸ್ಪೇಸ್ ಬಾರ್ ಮಾತ್ರ ಬಲವಾಗಿ ಎಳೆಯಬೇಡಿ, ಕೆಳಗೆ ತಂತಿಯ ಕೊಂಡಿ ಇದೆ. ಪೂರ್ತಿ ಆರಲು ಒಂದು ರಾತ್ರಿ ಬಿಡಿ.

## ಹಂತ 5: ಚಿತ್ರಕ್ಕೆ ತಂತಿ

ಸುಲಭದ ದಾರಿ ಹಿಂದಿನ ಬಿಎನ್‌ಸಿ ಸಾಕೆಟ್, ಸಿಸಿಟಿವಿ ಕ್ಯಾಮರಾಕ್ಕೆ ಇರುತ್ತದಲ್ಲ ಅದೇ ಜಾತಿ. ಬಿಎನ್‌ಸಿಯಿಂದ ಆರ್‌ಸಿಎಗೆ ತಿರುಗಿಸುವ ಕನೆಕ್ಟರ್ ಹಾಕಿ ಟಿವಿಯ ಹಳದಿ ತೂತಿಗೆ ಕೊಡಿ. ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ. ಅದು ದೋಷವಲ್ಲ, ಈ ಸಾಕೆಟ್ಟಿನ ಸ್ವಭಾವವೇ ಹಾಗೆ. ಬಣ್ಣ ಬೇಕಾದರೆ ಆರು ಪಿನ್ನಿನ ಆರ್‌ಜಿಬಿ ಸಾಕೆಟ್ ಇದೆ. ಅದು 5 ವೋಲ್ಟಿನ ಸಿಗ್ನಲ್ ಕೊಡುತ್ತದೆ. ನಡುವೆ ರೆಸಿಸ್ಟರ್ ಇಲ್ಲದೆ ಟಿವಿಗೆ ನೇರ ಕೊಟ್ಟರೆ ಟಿವಿಗೆ ಪೆಟ್ಟು. ಮೊದಲ ದಿನ ಅದರ ಸಹವಾಸ ಬೇಡ.

## ಹಂತ 6: ಸ್ವಿಚ್ ಹಾಕಿ, ಕಿವಿಗೊಡಿ

ಟಿವಿ ಮೊದಲೇ ಚಾಲೂ ಇರಲಿ. ಯಂತ್ರದ ಸ್ವಿಚ್ ಹಾಕಿದ ಕೂಡಲೇ ಕಣ್ಣಿಗಿಂತ ಕಿವಿ ಮುಖ್ಯ. ಸರಿಯಿದ್ದರೆ ಕ್ಷಣಕಾಲ ದಪ್ಪ ದನಿಯ "ಬೂ", ಬೆನ್ನಿಗೇ ತೆಳು "ಪೀಪ್". ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆ. ಪರದೆಯಲ್ಲಿ "ಬಿಬಿಸಿ ಕಂಪ್ಯೂಟರ್ 32ಕೆ", ಕೆಳಗೆ "ಬೇಸಿಕ್".

ಬೂ ನಿಲ್ಲುವುದೇ ಇಲ್ಲ. ಇದೇ ಹೆಚ್ಚು ಸಿಗುವ ತೊಂದರೆ. ಕರೆಂಟ್ ಬಂದ ಕೂಡಲೇ ಸೌಂಡ್ ಚಿಪ್ ತಾನಾಗಿ ಕೂಗಲು ಶುರು ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ ಎದ್ದು ಅದನ್ನು ಸುಮ್ಮನಾಗಿಸಬೇಕು. ಕೂಗು ನಿಲ್ಲದಿದ್ದರೆ ಪ್ರೊಸೆಸರ್ ಕೆಲಸವನ್ನೇ ಶುರು ಮಾಡಿಲ್ಲ ಅಂತ ಅರ್ಥ. ಆಫ್ ಮಾಡಿ ಐಸಿ51 ಮತ್ತು 6502 ಎರಡನ್ನೂ ಮತ್ತೆ ತೆಗೆದು ಕೂರಿಸಿ. ಆಗಲೂ ಕೂಗಿದರೆ 6502ರ ಮೇಲೆ ಅಳೆಯಿರಿ. 8ನೇ ಕಾಲು ಮತ್ತು 1ನೇ ಕಾಲಿನ ನಡುವೆ 4.75ಕ್ಕಿಂತ ಕಡಿಮೆ ಇದ್ದರೆ ದೋಷ ಪವರ್ ಕ್ಲಿಪ್ಪಿನದು. 40ನೇ ಕಾಲು ರೀಸೆಟ್. ಅದು ಚಾಲೂ ಆದ ಮೇಲೆ ಮೇಲೇರಿ ನಿಲ್ಲಬೇಕು, ಬ್ರೇಕ್ ಕೀಲಿ ಒತ್ತಿದಾಗ ಮಾತ್ರ ಸೊನ್ನೆಗೆ ಬರಬೇಕು. ಯಾವಾಗಲೂ ಸೊನ್ನೆಯಲ್ಲೇ ಇದ್ದರೆ ಬ್ರೇಕ್ ಕೀಲಿ ಅಂಟಿಕೊಂಡಿದೆಯಾ ನೋಡಿ.

"ಲ್ಯಾಂಗ್ವೇಜ್?" ಅಂತ ಬರುತ್ತದೆ. ಒಳ್ಳೆ ಸುದ್ದಿ. ಯಂತ್ರ ಪೂರ್ತಿ ಎದ್ದಿದೆ, ಬೇಸಿಕ್ ರಾಮ್ ಮಾತ್ರ ಸಿಗುತ್ತಿಲ್ಲ. ಐಸಿ52 ಮತ್ತೆ ಕೂರಿಸಿ. ಅಲ್ಲಿ ಆಗದಿದ್ದರೆ ಆ ಚಿಪ್ಪನ್ನು ಬೇರೆ ಖಾಲಿ ಸಾಕೆಟ್ಟಿಗೆ ಹಾಕಿ ನೋಡಿ. ಐಸಿ51ಕ್ಕೆ ಮಾತ್ರ ಹಾಕಬೇಡಿ.

32ಕೆ ಬದಲು 16ಕೆ. ಮಾಡೆಲ್ ಎ ಆದರೆ ಸರಿಯೇ. ಬಿ ಆದರೆ ಅರ್ಧ ಮೆಮೊರಿ ಸಿಗುತ್ತಿಲ್ಲ. ಹದಿನಾರು ಸಣ್ಣ ಮೆಮೊರಿ ಚಿಪ್ಪುಗಳ ಮೇಲೆ ಬೆರಳಿಟ್ಟು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಸುಡುತ್ತಿದ್ದರೆ ಅನುಮಾನ ಅದರ ಮೇಲೆ.

ಪೀಪ್ ಬಂತು, ಚಿತ್ರ ಇಲ್ಲ. ಮೊದಲು ತಂತಿ, ಟಿವಿಯ ಇನ್‌ಪುಟ್ ನೋಡಿ. ಆಮೇಲೆ ಐಸಿ6 ಮತ್ತು ಪರದೆ ನಿಯಂತ್ರಿಸುವ ಚಿಪ್ ಐಸಿ2.

ಪರದೆಯ ಮೇಲಿನ ಸಾಲು ಟಿವಿಯ ಅಂಚಿಗೆ ಮರೆಯಾದರೆ *ಟಿವಿ 255 (*TV 255) ಅಂತ ಟೈಪ್ ಮಾಡಿ, ಆಮೇಲೆ ಮೋಡ್ 7 (MODE 7, ಪರದೆಯ ಒಂದು ವಿಧ) ಕೊಡಿ. ಒಂದು ಸಾಲು ಕೆಳಗಿಳಿಯುತ್ತದೆ.

## ಹಂತ 7: ಅರ್ಧ ಗಂಟೆಯ ಪರೀಕ್ಷೆ

ಎದ್ದ ಕೂಡಲೇ ಮುಚ್ಚಳ ಹಾಕಬೇಡಿ. *ಹೆಲ್ಪ್ ಕೊಡಿ. ಆಪರೇಟಿಂಗ್ ಸಿಸ್ಟಮಿನ ಸಂಖ್ಯೆ, ಬೇಸಿಕ್ ಬಿಟ್ಟು ಉಳಿದ ರಾಮ್‌ಗಳ ಹೆಸರು ಬರುತ್ತವೆ. ನೀವು ಒರೆಸಿ ಹಾಕಿದ ಬೇರೆ ರಾಮ್ ಯಾವುದಾದರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಅದರ ಕಾಲುಗಳನ್ನು ನೋಡಿ.

ಆಮೇಲೆ ಮೋಡ್ 0 ಕೊಡಿ. ಶುರುವಿನ ಮೋಡ್ 7 ಒಂದೇ ಕಿಲೋಬೈಟ್ ಮೆಮೊರಿ ಬಳಸುತ್ತದೆ. ಮೋಡ್ 0 ಬಳಸುವುದು 20. ಹಾಗಾಗಿ ಕೆಟ್ಟ ಮೆಮೊರಿ ಇದ್ದರೆ ಖಾಲಿ ಪರದೆಯಲ್ಲಿ ಚುಕ್ಕಿಗಳಾಗಿ, ಉದ್ದ ಗೆರೆಗಳಾಗಿ ಕಂಡುಬಿಡುತ್ತದೆ. ಮೋಡ್ 0 ಶುಭ್ರವಾಗಿದ್ದು ಮೋಡ್ 7ರಲ್ಲಿ ಮಾತ್ರ ಅಕ್ಷರ ಕಲಸಿದ್ದರೆ ಐಸಿ5ರಲ್ಲಿರುವ 5050 ಚಿಪ್ಪಿನ ತೊಂದರೆ. ಆ ಮೋಡಿನ ಅಕ್ಷರ ಬರೆಯುವುದು ಅದೊಂದೇ.

ಪ್ರತಿ ಕೀಲಿಯನ್ನೂ ಒತ್ತಿ. ಅರ್ಧ ಗಂಟೆ ಹಾಗೇ ಓಡಲಿ, ಕೋಣೆ ಬಿಟ್ಟು ಹೋಗಬೇಡಿ. ಬೆಚ್ಚಗಿನ ಧೂಳಿನ ವಾಸನೆ ಬಂದರೆ ಚಿಂತೆ ಬೇಡ. ಮೀನು ಕೊಳೆತ ಹಾಗಿನ ವಾಸನೆ ಅಥವಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ತಕ್ಷಣ ಪ್ಲಗ್ ಕೀಳಿ.

## ಹಂತ 8: ಮೊಬೈಲಿನಿಂದ ಪ್ರೋಗ್ರಾಮ್ ಹಾಕುವುದು

ಫ್ಲಾಪಿ ಡ್ರೈವ್ ಹುಡುಕಿಕೊಂಡು ಅಲೆಯಬೇಡಿ. ಕ್ಯಾಸೆಟ್ ಸಾಕೆಟ್ಟಿಗೆ ಮೊಬೈಲಿನ ಆಡಿಯೋ ಕೊಟ್ಟರೆ ಸಾಕು. ಏಳು ಪಿನ್ನಿನ ದುಂಡನೆಯ ಡಿನ್ ಪ್ಲಗ್ಗಿನಲ್ಲಿ ಇನ್‌ಪುಟ್ ಮತ್ತು ಗ್ರೌಂಡ್ ಎರಡೇ ತಂತಿ ಬೇಕು. ಕ್ಯಾಸೆಟ್ಟಿನ ಧ್ವನಿಯನ್ನು ವೇವ್ ಫೈಲಾಗಿ ಇಟ್ಟುಕೊಳ್ಳಿ. ಎಂಪಿ3 ಮಾಡಿದರೆ ಕೆಡುವ ಸಂಭವ ಇದೆ.

*ಟೇಪ್ ಕೊಡಿ, ಆಮೇಲೆ ಚೈನ್ ಮತ್ತು ಖಾಲಿ ಉದ್ಧರಣ ಚಿಹ್ನೆ, ಅಂದರೆ CHAIN "". "ಸರ್ಚಿಂಗ್" ಬಂದಾಗ ಮೊಬೈಲಿನಲ್ಲಿ ಪ್ಲೇ ಒತ್ತಿ. ಸರ್ಚಿಂಗ್ ಅಲ್ಲೇ ನಿಂತರೆ ವಾಲ್ಯೂಮ್ ಕಡಿಮೆ, ಪೂರ್ತಿ ಏರಿಸಿ. "ಡೇಟಾ?" ಅಥವಾ "ಬ್ಲಾಕ್?" ಅಂತ ಬಂದರೆ ಫೈಲನ್ನು ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಪ್ಲೇ ಮಾಡಿ. ಮೊದಲಿನಿಂದ ಶುರು ಮಾಡಬೇಕಿಲ್ಲ, ತಪ್ಪಿದ ಬ್ಲಾಕಿನಿಂದಲೇ ಅದು ಹಿಡಿದುಕೊಳ್ಳುತ್ತದೆ. ಮೊಬೈಲಿನ ಈಕ್ವಲೈಜರ್ ಆಫ್ ಇರಲಿ. ಏರ್‌ಪ್ಲೇನ್ ಮೋಡಿಗೂ ಹಾಕಿ. ನಡುವೆ ವಾಟ್ಸಾಪಿನ ಟಿಂಗ್ ಬಂದರೆ ಆ ಬ್ಲಾಕ್ ಹೋಯಿತು.